ಒಂಬತ್ತನೇ ಹಾಳೆ

ಸುಳ್ಳು ಹೇಳುವವರ ಬಗ್ಗೆ ಲೋಕ ಬೇಕಾದಷ್ಟು ಮಾತಾಡಿದೆ. ನಿಜವನ್ನು ನಾಳೆ ಹೇಳೋಣ ಎಂದು ಎತ್ತಿಟ್ಟುಕೊಂಡವರ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ನಾನು ಆ ಪೈಕಿ. ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ಅದೇನೂ ನನ್ನ ದೊಡ್ಡ ಗುಣವಲ್ಲ, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವ ತಾಕತ್ತು ನನಗಿಲ್ಲ, ಅಷ್ಟೇ. ಆದರೆ ನಿಜವನ್ನು ಇವತ್ತು ಬೇಡ, ಹಬ್ಬ ಮುಗಿಯಲಿ, ಮಳೆ ನಿಲ್ಲಲಿ, ಕೂಸಿನ ನೆಗಡಿ ಹೋಗಲಿ ಎಂದು ಮುಂದೆ ಮುಂದೆ ತಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಬನಹಟ್ಟಿಯಲ್ಲಿ ಇಲ್ಲ. ರಬಕವಿಯಲ್ಲಿ ಇದ್ದರೆ ಇರಬಹುದು. ಆ ಊರು ನಮ್ಮೂರಿಗೆ ಅಂಟಿಕೊಂಡೇ ಇದ್ದರೂ ಅಲ್ಲಿನವರು ಎಲ್ಲದರಲ್ಲೂ ನಮಗಿಂತ ಒಂದು ಕೈ ಮೇಲು ಎಂದು ಅವರೇ ಹೇಳಿಕೊಳ್ಳುತ್ತಾರೆ.

ನನ್ನ ಹೆಸರು ಈರಣ್ಣ, ಆದರೆ ಊರಿಗೆ ನಾನು ಡಿಸೈನ್ ಮಾಸ್ತರ. ಸಾಲೆಯ ಮಾಸ್ತರನಲ್ಲ, ಮಗ್ಗದವರಿಗೆ ಸೀರೆಯ ದಡಿ ಸೆರಗಿನ ಚಿತ್ರ ಬರೆದುಕೊಡುವ ಮಾಸ್ತರ. ಸಣ್ಣ ಸಣ್ಣ ಚೌಕಗಳ ಗ್ರಾಫ್ ಹಾಳೆಯ ಮೇಲೆ ನವಿಲು, ಮಾವಿನಕಾಯಿ, ಗೋಪುರ, ಕಮಲ, ಮತ್ತೆ ನವಿಲು. ಇಪ್ಪತ್ತೆಂಟು ವರ್ಷದಿಂದ ಇದೇ. ಈಗಿನವರೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ನಾನಿನ್ನೂ ಪೆನ್ಸಿಲ್ ಹುಡುಕುತ್ತ ಮನೆಯೆಲ್ಲ ತಿರುಗುವವನು. ಅದು ನನ್ನ ಕಿವಿಯ ಮೇಲೇ ಇದೆ ಎಂದು ಹೇಳುವುದು ಕಸ್ತೂರಿಯ ಕೆಲಸ. ಕಸ್ತೂರಿ ನನ್ನ ಹೆಂಡತಿ. ನನ್ನ ಕಿವಿಯ ಮೇಲೆ ಏನಿದೆ, ಮನಸ್ಸಿನಲ್ಲಿ ಏನಿದೆ ಎನ್ನುವುದು ಆಕೆಗೆ ನನಗಿಂತ ಮೊದಲು ತಿಳಿಯುತ್ತದೆ.

ನಮ್ಮ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮಗಳು ನೀಲಾ ಬಂದಳು. ಬಂದಳು ಎಂದರೆ ಬಸ್ಸಿನಲ್ಲಿ ಬಂದಳು. ಏಳು ತಿಂಗಳಿನವಳು, ಎರಡು ಹಲ್ಲು ಸಮೇತ. ದತ್ತು ಕೇಂದ್ರದಲ್ಲಿ ಕಾಗದಪತ್ರ ಮುಗಿಸಿ, ಹೊಸ ಬಿಳಿ ಅಂಗಿ ತೊಟ್ಟುಕೊಂಡು, ಬಸ್ಸಿನಲ್ಲಿ ಕಸ್ತೂರಿಯ ಪಕ್ಕ ಕೂಸನ್ನು ಗಾಜಿನ ಸಾಮಾನಿನ ಹಾಗೆ ಹಿಡಿದು ಕೂತಿದ್ದೆ. ಮುಧೋಳದ ಬಸ್ ಸ್ಟ್ಯಾಂಡ್ ಬರುವವರೆಗೂ ನೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಧೋಳದಲ್ಲಿ ಬಸ್ಸು ನಿಂತಿತು, ಆಕೆ ಒಂದು ನಿರ್ಧಾರಕ್ಕೆ ಬಂದವಳ ಹಾಗೆ ಬಾಯಿ ತೆರೆದು ಕುಡಿದ ಹಾಲನ್ನೆಲ್ಲ ನನ್ನ ಅಂಗಿಯ ಮೇಲೆ ಕಕ್ಕಿದಳು. ಹಿಂದಿನ ಸೀಟಿನ ಮುದುಕಿಯೊಬ್ಬಳು, ಆತು ಬಿಡಪಾ, ಕೂಸು ಮುದ್ರಿ ಒತ್ತಿ ಸಿಕ್ಕಾ ಹೊಡೀತು, ಇನ್ನ ನೀ ಅದರಾಂವ ಎಂದಳು. ಆ ಅಂಗಿಯನ್ನು ಕಸ್ತೂರಿ ತೊಳೆದಳು, ಕಲೆ ಹೋಗಲಿಲ್ಲ. ನಾನು ಅದನ್ನು ಟ್ರಂಕಿನಲ್ಲಿಟ್ಟೆ.

ಮನೆಗೆ ಬಂದಾಗ ನಮ್ಮವ್ವ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮಣೆ ಹಾಕಿ, ಕಸ್ತೂರಿಯನ್ನು ಕೂರಿಸಿ, ಸೀರೆಯ ಸೆರಗನ್ನು ಮುಂದೆ ಚಾಚಿಸಿ ಉಡಿ ತುಂಬಿದಳು. ಐದು ಹಿಡಿ ಅಕ್ಕಿ, ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು, ಒಂದು ಖಣ. ಹನ್ನೊಂದು ವರ್ಷದಿಂದ ಕಂಡಕಂಡ ಮನೆಯವರು ಕಸ್ತೂರಿಗೆ ಉಡಿ ತುಂಬಿದ್ದರು, ತುಂಬುವಾಗ ಒಂದು ಕರುಣೆಯ ಉಸಿರನ್ನೂ ಅದರ ಜೊತೆ ಬಿಟ್ಟಿದ್ದರು. ಆವತ್ತು ಅವ್ವ ಎಲ್ಲ ಹಾಕಿದ ಮೇಲೆ ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಆ ಅಕ್ಕಿಯ ಮೇಲೆ ಇಟ್ಟು, ತಗೋ, ಈಗ ತುಂಬೇತಿ ನೋಡು ಎಂದಳು. ಕೂಸು ಖಣದ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪತೊಡಗಿತು. ಕಸ್ತೂರಿ ಅತ್ತಳು, ನಾನೂ ಅತ್ತೆ, ಅವ್ವ ಇಬ್ಬರನ್ನೂ ಬೈದು ಓಣಿಗೆಲ್ಲ ಪೇಢೆ ಹಂಚಿದಳು.

ಇದರಿಂದ ಆದದ್ದೇನೆಂದರೆ ಸುದ್ದಿ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಹಾಲಿನವನಿಗೆ ಗೊತ್ತು, ಕ್ಷೌರದವನಿಗೆ ಗೊತ್ತು, ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರ ಮಾಡುವ ನನ್ನ ಭಾವನಿಗೆ ಗೊತ್ತು. ಭಾವನ ಬಾಯಿಂದ ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಗೊತ್ತು. ಇಡೀ ಸೀಮೆಯಲ್ಲಿ ಗೊತ್ತಿಲ್ಲದವಳು ಒಬ್ಬಳೇ ಉಳಿದಳು. ಅದು ನೀಲಾ.

ಕೇಂದ್ರದ ಮೇಡಮ್ಮು ಮೊದಲೇ ಹೇಳಿದ್ದರು. ಮಗುವಿಗೆ ಮಾತು ತಿಳಿಯುವ ಮೊದಲಿನಿಂದಲೇ ಹೇಳಲು ಶುರುಮಾಡಿ, ದತ್ತು ಎನ್ನುವ ಮಾತು ಮನೆಯಲ್ಲಿ ಉಪ್ಪು ಸಕ್ಕರೆಯ ಹಾಗೆ ಸಾದಾ ಇರಬೇಕು, ಹೊರಗಿನವರ ಬಾಯಿಂದ ಗೊತ್ತಾಗುವಂತೆ ಮಾಡಬೇಡಿ, ಹೇಗೆ ಹೇಳುವುದೆಂದು ತಿಳಿಯದಿದ್ದರೆ ಚಿತ್ರದ ಪುಸ್ತಕ ಇಟ್ಟುಕೊಂಡು ಹೇಳಿ ಎಂದು. ಚಿತ್ರ ಎಂದೊಡನೆ ನಾನು, ಅದು ನಮ್ಮ ಖಾತೇನ ಬಿಡ್ರಿ ಎಂದು ದೊಡ್ಡದಾಗಿ ತಲೆಯಾಡಿಸಿ ಬಂದೆ. ಮೊದಲ ವರ್ಷ, ಇನ್ನೂ ಕೂಸಲ್ಲವೇ ಎಂದೆ. ಎರಡನೇ ವರ್ಷ, ಮಾತು ಚೆನ್ನಾಗಿ ಬರಲಿ ಎಂದೆ. ಮೂರನೇ ವರ್ಷ ಮಾತು ಎಷ್ಟು ಚೆನ್ನಾಗಿ ಬಂತೆಂದರೆ ನಡುವೆ ನನಗೆ ಬಾಯಿ ಹಾಕಲು ಜಾಗ ಸಿಗಲಿಲ್ಲ. ಅವ್ವನಿಗಂತೂ ಕಟ್ಟಪ್ಪಣೆ ಮಾಡಿದ್ದೆ, ನಾನು ಕ್ರಮವಾಗಿ ಹೇಳುವವರೆಗೆ ನೀನು ತುಟಿ ಬಿಚ್ಚಬಾರದು ಎಂದು. ಅವ್ವ ಒಪ್ಪಿದಳು. ಆದರೆ, ಈರಾ, ನನಗೆ ಅರವತ್ತೆಂಟು ವರ್ಷ, ನೀನು ಲಗೂನೆ ಕ್ರಮ ಹಿಡಿ ಎಂದು ಮೂರು ತಿಂಗಳಿಗೊಮ್ಮೆ ನೆನಪು ಮಾಡುತ್ತಿದ್ದಳು.

ಕಡೆಗೆ ಪುಸ್ತಕ ತರಿಸಿದೆ. ಮೊದಲನೆಯದು ಹಿಮದ ನಾಡಿನ ಕರಡಿ ದಂಪತಿಗಳದು. ಅವಕ್ಕೆ ಮಕ್ಕಳಿಲ್ಲ. ಒಂದು ಮೊಲದ ಮರಿಯನ್ನು ತಂದು ಸಾಕುತ್ತವೆ. ಚಿತ್ರಗಳು ಬಹಳ ಚೆಂದ, ನನ್ನ ಕಸುಬಿನ ಕಣ್ಣಿಂದ ಹೇಳುತ್ತೇನೆ. ಆದರೆ ನೀಲಾ ಮೂರನೇ ಹಾಳೆಗೇ ಬಿಕ್ಕಲು ಶುರುಮಾಡಿದಳು. ಕರಡಿ ಮೊಲವನ್ನು ತಿಂದುಬಿಟ್ಟರೆ ಎಂಬುದು ಆಕೆಯ ಚಿಂತೆ. ತಿನ್ನುವುದಿಲ್ಲ, ಅದು ಅಪ್ಪ ಎಂದೆ. ಬತ್ತಿ ಹೊಸೆಯುತ್ತ ಕೂತಿದ್ದ ಅವ್ವ, ಅಲ್ಲೋ ಈರಾ, ಹಸಿವಾದಾಗ ಕರಡಿ ಅಪ್ಪ ಅಂತ ನೋಡ್ತೈತೇನು ಎಂದಳು. ಒಂದು ವಾರ ನೀಲಾ ಊಟಕ್ಕೆ ಕೂತಾಗೆಲ್ಲ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಪುಸ್ತಕದ ಕರಡಿಯ ಮುಂದೆ ಇಡುತ್ತಿದ್ದಳು, ಅದರ ಹೊಟ್ಟೆ ತುಂಬಿರಲಿ ಎಂದು. ಎರಡನೆಯ ಪುಸ್ತಕದಲ್ಲಿ ಗಂಡ ಹೆಂಡತಿ ವಿಮಾನ ಹತ್ತಿ, ಸಮುದ್ರ ದಾಟಿ ಹೋಗಿ ಮಗುವನ್ನು ಕರೆತರುತ್ತಾರೆ. ಅದನ್ನು ಓದಿದ ಮೇಲೆ ಆಕೆಗೆ ಬೇಕಾದದ್ದು ವಿಮಾನ. ನಮ್ಮ ತಲೆಯ ಮೇಲೆ ದಿನಕ್ಕೊಂದು ವಿಮಾನ ಎಲ್ಲೋ ಎತ್ತರದಲ್ಲಿ ಹೋಗುತ್ತದೆ. ಅದು ಬಂದಾಗಲೆಲ್ಲ ಅಂಗಳಕ್ಕೆ ಓಡಿ, ನಮಗೂ ಒಂದು ತಮ್ಮನ್ನ ಒಗೀರಿ ಎಂದು ಕೂಗುತ್ತಿದ್ದಳು. ಓಣಿಯವರು ಕಸ್ತೂರಿಯನ್ನು ಒಂದು ತರಹ ನೋಡಲು ಶುರುಮಾಡಿದ ಮೇಲೆ ಆ ಪುಸ್ತಕವನ್ನು ಕಪಾಟಿನ ಮೇಲೆ ಏರಿಸಿದೆವು.

ಮೂರನೆಯದು ಕನ್ನಡದ್ದೇ, ಒಳ್ಳೆಯ ಪುಸ್ತಕ. ಒಬ್ಬಳು ತಾಯಿ, ಒಬ್ಬಳು ಮಗಳು, ಹಿತ್ತಲು, ಜೋಕಾಲಿ, ಬೆಕ್ಕು. ಎಂಟು ಹಾಳೆಯವರೆಗೆ ನಾನು ಅದನ್ನು ಎಷ್ಟು ಸೊಗಸಾಗಿ ಓದುತ್ತಿದ್ದೆನೆಂದರೆ ಬೆಕ್ಕಿಗೊಂದು ದನಿ, ಜೋಕಾಲಿಗೊಂದು ದನಿ. ಒಂಬತ್ತನೇ ಹಾಳೆಯಲ್ಲಿ ತಾಯಿ ಮಗಳಿಗೆ ಹೇಳುತ್ತಾಳೆ: ನೀನು ನನ್ನ ಹೊಟ್ಟೆಯಲ್ಲಿ ಬೆಳೆಯಲಿಲ್ಲ, ಬೇರೆ ಒಬ್ಬ ತಾಯಿಯ ಹೊಟ್ಟೆಯಲ್ಲಿ ಬೆಳೆದೆ. ಇಷ್ಟೇ. ಎರಡು ಸಾಲು. ಅಲ್ಲಿಗೆ ಬಂದೊಡನೆ ನನ್ನ ಬೆರಳು ತನ್ನಷ್ಟಕ್ಕೆ ಎರಡು ಹಾಳೆಯನ್ನು ಒಟ್ಟಿಗೆ ತಿರುವುತ್ತಿತ್ತು. ಅದು ಏನು ಅಂಜಿಕೆ ಎಂದು ಕೇಳಿದರೆ, ನೆಟ್ಟಗೆ ಹೇಳಿಬಿಡುತ್ತೇನೆ. ನೀಲಾ ಸಾಲೆಯಿಂದ ಬಂದು ಚೀಲ ಒಗೆದು, ಅಪ್ಪಾ ಎಂದು ನನ್ನ ಬೆನ್ನಿಗೆ ಜಿಗಿಯುತ್ತಾಳಲ್ಲ, ಆ ಎರಡು ಸಾಲು ಕೇಳಿದ ಮಾರನೆಯ ದಿನ ಜಿಗಿಯುವ ಮೊದಲು ಒಂದು ಕ್ಷಣ ನಿಂತು ಯೋಚನೆ ಮಾಡಿದರೆ? ಅಷ್ಟು ಸಾಕಿತ್ತು, ನಾನು ಸತ್ತಂತೆಯೇ.

ಆಕೆ ತಾನೇ ಹಾಳೆ ತಿರುವಲು ಕಲಿತಾಗ ನನಗೆ ಇಕ್ಕಟ್ಟಾಯಿತು. ಆಗ ನಾನು ಮಾಡಿದ ಕೆಲಸ ಹೇಳಲು ನಾಚಿಕೆ. ಪಕ್ಕದ ಮನೆಯಲ್ಲಿ ಮಗ್ಗದ ಉದ್ದಕ್ಕೆ ಹಾಯುವ ಹಾಸಿನ ನೂಲಿಗೆ ಹಚ್ಚುವ ಗಂಜಿ ಇತ್ತು. ಒಂದು ಬಟ್ಟಲು ಇಸಕೊಂಡು ಬಂದು ಎಂಟನೇ ಹಾಳೆಗೆ ಒಂಬತ್ತನೆಯದನ್ನು ಅಂಟಿಸಿಬಿಟ್ಟೆ. ಮಗ್ಗದ ಪೆಟ್ಟು ತಿಂದರೂ ನೂಲು ಹರಿಯದಂತೆ ಕಾಯುವ ಗಂಜಿ ಅದು. ಹಾಳೆಗಳು ಹಲಗೆಯ ಹಾಗೆ ಕೂತವು. ಪುಸ್ತಕ ನಿಶ್ಚಿಂತವಾಯಿತು, ನಾನೂ ನಿಶ್ಚಿಂತನಾದೆ, ಆರು ತಿಂಗಳು ಸುಖವಾಗಿದ್ದೆ.

ಕಸ್ತೂರಿ ರೊಟ್ಟಿ ಬಡಿಯುವ ಸದ್ದು ನಮ್ಮ ಮನೆಯ ಗಡಿಯಾರ. ಅದು ನಡೆಯುತ್ತಿದೆ ಎಂದರೆ ಎಲ್ಲ ಸರಿಯಿದೆ. ನಿಂತಿತು ಎಂದರೆ ನನ್ನ ವಿಚಾರಣೆ ಶುರು. ಒಂದು ಸಂಜೆ ನಾನು ಬೆಕ್ಕಿನ ದನಿ ಮುಗಿಸಿ ನೇರ ಹತ್ತನೇ ಹಾಳೆಯ ಜಾತ್ರೆಗೆ ಹಾರಿದಾಗ ಒಳಗೆ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಎಂಟರ ಮ್ಯಾಲೆ ಹತ್ತು ಯಾವ ಸಾಲ್ಯಾಗ ಕಲಿಸ್ತಾರ್ರಿ?"

ಪುಸ್ತಕ ಕಸಿದುಕೊಂಡಳು, ದಪ್ಪ ಹಾಳೆಯನ್ನು ಹಿಸುಕಿ ನೋಡಿದಳು, ಮೂಸಿದಳು. ಗಂಜಿ ಎಂದಳು. ಆಮೇಲೆ ಗೋಡೆಗೊರಗಿ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನೀಲಾ ಏನೆಂದು ತಿಳಿಯದೆ ತಾನೂ ನಕ್ಕಳು, ಅವ್ವ ನಕ್ಕಳು. ನಾನು ಪೆನ್ಸಿಲ್ ಹುಡುಕುತ್ತ ಎದ್ದು ಹೋದೆ.

ಆದರೆ ಆ ವಾರವೇ ನೀಲಾಳ ಸಾಲೆಯಿಂದ ಮೊಬೈಲಿಗೆ ಸುದ್ದಿ ಬಂತು. ಯುಕೆಜಿ ಮಕ್ಕಳು ಶನಿವಾರ 'ನನ್ನ ಕಥೆ' ಎಂದು ಒಂದು ಚಾರ್ಟ್ ತರಬೇಕು, ಅದರಲ್ಲಿ ಹುಟ್ಟಿದ ಮರುದಿನದ ಫೋಟೋ ಅಂಟಿಸಿರಬೇಕು. ನಮ್ಮ ಹತ್ತಿರ ಇರುವ ಮೊದಲ ಫೋಟೋದಲ್ಲಿ ನಮ್ಮ ಮಗಳು ಎರಡು ಹಲ್ಲು ತೋರಿಸಿ ನಗುತ್ತಿದ್ದಾಳೆ. ಹುಟ್ಟಿದ ಮರುದಿನ ಹಾಗೆ ನಗುವ ಮಕ್ಕಳು ಪುರಾಣದಲ್ಲಿ ಇರಬಹುದು, ಬನಹಟ್ಟಿಯಲ್ಲಿ ಇಲ್ಲ. ಉಳಿದವರ ಬೋಳು ಬಾಯಿಯ ಫೋಟೋಗಳ ನಡುವೆ ಯಾವುದಾದರೂ ಕೂಸು ಕೇಳಿಯೇ ಕೇಳುತ್ತದೆ, ಆ ಕೂಸಿಗೆ ಅದರ ಮನೆಯವರು ಏನು ಹೇಳಿರುತ್ತಾರೋ ಅದನ್ನು ಅಲ್ಲಿಯೇ ಹೇಳಿಬಿಡುತ್ತದೆ. ಕಸ್ತೂರಿ ಈ ಸಲ ನಗಲಿಲ್ಲ. ಶನಿವಾರದೊಳಗೆ ನೀವು ಹೇಳಲೇಬೇಕು ಎಂದಳು. ನೀನೇ ಹೇಳಬಾರದೇ ಎಂದೆ.

"ನಾ ಹೇಳಾಕ ಕುಂತ್ರ ಅಳ್ತೀನ್ರಿ. ನಾ ಅತ್ರ, ಇದು ಅಳೂವಂಥಾ ಸುದ್ದಿ ಅಂತ ಕೂಸಿಗೆ ಅನಸ್ತೈತಿ. ನೀವರ ಯಾರ ಮುಂದ ಅಳ್ತೀರಿ?"

ಉಡಿ ತುಂಬಿದ ದಿನ ನಾನು ಅತ್ತದ್ದನ್ನು ಆಕೆ ಮರೆತಿದ್ದಳೋ, ನನ್ನ ಮಾನ ಕಾಯಲು ಮರೆತವಳ ಹಾಗೆ ನಟಿಸಿದಳೋ ತಿಳಿಯಲಿಲ್ಲ.

ಬುಧವಾರ ಸಂಜೆ ನೀಲಾಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹಿಪ್ಪರಗಿಯ ಬ್ಯಾರೇಜಿಗೆ ಹೋದೆ. ನೀರಿನ ದಂಡೆಯಲ್ಲಿ ದೊಡ್ಡ ಮಾತು ತಾನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಹೋಗಿ ತಲುಪಿದೆವು. ಇಬ್ಬರೂ ಸುಟ್ಟ ಗೋವಿನಜೋಳದ ತೆನೆ ತಿಂದೆವು. ನೀಲಾ, ನಿನಗೆ ಒಂದು ಮಾತು ಹೇಳಬೇಕು ಎಂದೆ. ಹೇಳು ಎಂದು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಮುಧೋಳಕ್ಕೆ ಮುಂಚೆ ಬಸ್ಸಿನಲ್ಲಿ ನೋಡುತ್ತಿದ್ದಳಲ್ಲ, ಅದೇ ನೋಟ. ನಾನು ನೀರನ್ನು ತಡೆಯುವ ಬಾಗಿಲುಗಳು ಹೇಗೆ ಏಳುತ್ತವೆ, ಹೇಗೆ ಇಳಿಯುತ್ತವೆ ಎಂದು ಅರ್ಧ ತಾಸು ವಿವರಿಸಿ ವಾಪಸು ಬಂದೆ. ಮನೆಗೆ ಬಂದು ಆಕೆ ಅದನ್ನೆಲ್ಲ ಅಜ್ಜಿಗೆ ಒಪ್ಪಿಸಿದಳು. ಅಜ್ಜಿಯನ್ನು ಆಕೆ ಕರೆಯುವುದು ಆಯಿ ಎಂದು. ಆಯಿ ನನ್ನ ಕಡೆ ನೋಡಿ, ಕದದ ಸುದ್ದಿ ಆತು, ನೀರು ಯಾವಾಗ ಬಿಡತಿ ಎಂದಳು.

ಗುರುವಾರ ನನಗೆ ರೋಷ ಬಂತು. ಕರಡಿ, ವಿಮಾನ, ಕಂಡವರ ಹಿತ್ತಲು ಇವೆಲ್ಲ ಯಾಕೆ, ಇಪ್ಪತ್ತೆಂಟು ವರ್ಷ ಚಿತ್ರ ಬರೆದವನು ನನ್ನ ಮಗಳ ಕಥೆಗೆ ಚಿತ್ರ ಬರೆಯಲಾರೆನೆ ಎಂದು ಗ್ರಾಫ್ ಹಾಳೆ ಹರವಿಕೊಂಡು ಕೂತೆ. ಸಾಲೆಗೆ ಒಯ್ಯಲೂ ಆಯಿತು, ಹೇಳಲೂ ಆಯಿತು. ಮೊದಲ ಹಾಳೆಯಲ್ಲಿ ಮನೆ, ಎರಡನೆಯದರಲ್ಲಿ ಬಸ್ಸು, ಮೂರನೆಯದರಲ್ಲಿ ಉಡಿ ತುಂಬುವುದು. ಮನಸ್ಸೆಲ್ಲ ನಾಳೆ ಹೇಳಬೇಕಾದ ಮಾತಿನ ಮೇಲೆ. ಹೀಗೆ ಶುರುಮಾಡಲೋ, ಹಾಗೆ ಶುರುಮಾಡಲೋ ಎಂದು ತುಟಿ ಅಲ್ಲಾಡಿಸುತ್ತ ಇದ್ದೆ. ಕೈ ತನ್ನ ಪಾಡಿಗೆ ತಾನು ಬರೆಯುತ್ತಿತ್ತು. ಸುತ್ತ ಸೀರೆಯ ಅಂಚಿಗೆ ಹಾಕುವ ಗೋಮಿ ದಡಿಯನ್ನೂ ಹಾಕಿತು, ಅದಿಲ್ಲದೆ ನನ್ನ ಕೈಗೆ ಹಾಳೆ ಬತ್ತಲೆ ಕಾಣುತ್ತದೆ. ಬಣ್ಣ ತುಂಬಿ, ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ ಎತ್ತಿಟ್ಟೆ.

ಶುಕ್ರವಾರ ನೀಲಾ ಸಾಲೆಯಿಂದ ಬಂದು, ಬೆನ್ನಿಗೆ ಜಿಗಿದು, ಚುರುಮುರಿ ತಿಂದಾದ ಮೇಲೆ ಪಡಸಾಲೆಯಲ್ಲಿ ಕೂರಿಸಿಕೊಂಡೆ. ಅವ್ವ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಒಳಗೆ ರೊಟ್ಟಿ ಬಡಿಯುವ ಸದ್ದು, ಹೊರಗೆ ಓಣಿಯ ಪಾವರ್‌ಲೂಮುಗಳ ಖಟಖಟ. ಮೊದಲ ಹಾಳೆ ತೆರೆದೆ. ಅಪ್ಪಾ, ಎರಡು ಮನಿ ಎಂದಳು. ಎಲ್ಲಿ ಎಂದು ನೋಡಿದೆ. ಎರಡು ಮನೆ ಇದ್ದವು, ಬೆನ್ನಿಗೆ ಬೆನ್ನು ಹಚ್ಚಿಕೊಂಡು. ಗಡಿಬಿಡಿಯಲ್ಲಿ ಎರಡನೆಯದನ್ನು ತಿರುವಿದೆ. ಎರಡು ಬಸ್ಸು ಮೂತಿಗೆ ಮೂತಿ ಕೊಟ್ಟು ಈಗ ಹಾಯುತ್ತವೆ, ಆಗ ಹಾಯುತ್ತವೆ ಎಂಬಂತೆ ನಿಂತಿದ್ದವು. ನೀಲಾ ಉರುಳಾಡಿ ನಕ್ಕಳು. ನನ್ನ ಕಿವಿ ಬಿಸಿಯಾಯಿತು.

ಏನಾಗಿತ್ತೆಂದರೆ, ಸೀರೆಯ ಚಿತ್ರವನ್ನು ನಾವು ಯಾವತ್ತೂ ಪೂರಾ ಬರೆಯುವುದಿಲ್ಲ. ಹಾಳೆಯ ನಟ್ಟನಡುವೆ ಒಂದು ಗೀಟು ಹಾಕಿ ಒಂದೇ ಮಗ್ಗುಲು ಬರೆಯುತ್ತೇವೆ, ಇನ್ನೊಂದು ಮಗ್ಗುಲಿಗೆ ಅದನ್ನೇ ತಿರುವಿ ಇಳಿಸುತ್ತೇವೆ. ಈ ಕಡೆಗೊಂದು ನವಿಲು ಬರೆದರೆ ಆ ಕಡೆಗೂ ಒಂದು ನವಿಲು. ನಡುವಿನ ಗೀಟಿನ ಮೇಲೆ ಬರುವುದು ಮಾತ್ರ ಒಂದೇ, ಕಮಲವೋ ಕಳಸವೋ. ನನ್ನ ತಲೆ ಮಾತು ಜೋಡಿಸುತ್ತಿದ್ದಾಗ ಕೈ ಇಪ್ಪತ್ತೆಂಟು ವರ್ಷದ ರೂಢಿಯಂತೆ ನಮ್ಮ ಸಂಸಾರವನ್ನು ಒಂದು ಮಗ್ಗುಲು ಬರೆದು, ಕಿಟಕಿಯ ಗಾಜಿಗೆ ಹಿಡಿದು, ಇನ್ನೊಂದು ಮಗ್ಗುಲಿಗೂ ಇಳಿಸಿತ್ತು.

ಮೂರನೇ ಹಾಳೆಯಲ್ಲಿ ಇಬ್ಬರು ಕಸ್ತೂರಿಯರು ಎದುರುಬದುರು ಕೂತು ಸೆರಗು ಚಾಚಿದ್ದರು. ಹಿಂದೆ ಇಬ್ಬರು ಅಜ್ಜಿಯರು, ಇಬ್ಬರು ನಾನು. ನಡುವಿನ ಗೀಟಿನ ಮೇಲೆ, ಎರಡೂ ಸೆರಗು ಕೂಡುವಲ್ಲಿ, ಕಮಲದ ಜಾಗದಲ್ಲಿ, ಒಬ್ಬಳೇ ನೀಲಾ, ಎರಡು ಹಲ್ಲು.

ತಪ್ಪಾಗಿದೆ ತಾ, ನಾಳೆ ಬೇರೆ ಬರೆದುಕೊಡುತ್ತೇನೆ ಎಂದು ಕೈ ಚಾಚಿದೆ. ನೀಲಾ ಹಾಳೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಆಕೆಯ ನಗು ಹೋಗಿತ್ತು.

"ನಾ ಒಬ್ಬಾಕಿ ಅದೀನಿ. ಅವ್ವಾರು ಇಬ್ರು ಯಾಕದಾರ?"

ಒಳಗೆ ರೊಟ್ಟಿಯ ಸದ್ದು ನಿಂತಿತು. ಅವ್ವನ ಕೈಯ ಬತ್ತಿ ನಿಂತಿತು. ಅದು ಸಾಲದೆಂದು ಅದೇ ಹೊತ್ತಿಗೆ ಕರೆಂಟು ಹೋಗಿ ಓಣಿಯ ಅಷ್ಟೂ ಮಗ್ಗಗಳು ಒಮ್ಮೆಗೇ ನಿಂತವು. ಹುಟ್ಟಿದಾಗಿನಿಂದ ನಾನು ಆ ಓಣಿಯಲ್ಲಿ ಅಂಥ ನಿಶ್ಶಬ್ದ ಕೇಳಿಲ್ಲ. ಓಡಿಹೋಗಲು ಬಾಗಿಲು ಹತ್ತಿರವೇ ಇತ್ತು. ಆದರೆ ಆಕೆಯ ಬೆರಳು ಹಾಳೆಯ ಮೇಲೆ ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಗೆ ಹೋಗುತ್ತಿತ್ತು, ಬರುತ್ತಿತ್ತು. ನೋಡುತ್ತ ನೋಡುತ್ತ ನನಗೆ ಹೊಳೆಯಿತು, ನನ್ನ ಕೈ ತಪ್ಪು ಬರೆದಿರಲಿಲ್ಲ.

"ಇಬ್ರು ಅದಾರವ್ವ, ಖರೇನ. ಒಬ್ಬಾಕಿ ನಿನ್ನ ಹೊಟ್ಟ್ಯಾಗ ಇಟ್ಕೊಂಡಿದ್ಲು. ಇನ್ನೊಬ್ಬಾಕಿ ಉಡ್ಯಾಗ ಹಾಕ್ಕೊಂಡ್ಲು."

ಐದು ವರ್ಷ ತಳ್ಳಿದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಆಮೇಲೆ ತಡೆದ ಬಾಗಿಲು ಎದ್ದಂತೆ ಉಳಿದದ್ದೂ ಬಂತು. ಬಸ್ಸು, ಹಾಲು, ಅಂಗಿ, ಹಿಂದಿನ ಸೀಟಿನ ಮುದುಕಿ, ಐದು ಹಿಡಿ ಅಕ್ಕಿ. ಹಂಗಾರ ನಮ್ಮವ್ವ ಯಾವಾಕಿ ಎಂದು ನೀಲಾ ಕೇಳಿದಳು. ಉಡಿಯಲ್ಲಿ ಹಾಕಿಕೊಂಡವಳು, ಒಳಗೆ ರೊಟ್ಟಿ ಮಾಡುತ್ತಿದ್ದಾಳಲ್ಲ ಎಂದೆ. ಹೊಟ್ಟೆಯಲ್ಲಿ ಇಟ್ಟುಕೊಂಡವಳು ಎಲ್ಲಿದ್ದಾಳೆ ಎಂದಳು. ನನಗೆ ಗೊತ್ತಿಲ್ಲ ಎಂದೆ. ಯಾಕೆ ಕೊಟ್ಟಳು ಎಂದಳು. ಆಕೆಗೆ ನಿನ್ನನ್ನು ಜ್ವಾಕಿ ಮಾಡಿ ಸಾಕಲು ಆಗಲಿಲ್ಲ, ದೊಡ್ಡವರಿಗೆ ಏನೇನೋ ತೊಂದರೆ ಇರುತ್ತವೆ, ನಿನ್ನದೇನೂ ತಪ್ಪಿರಲಿಲ್ಲ ಎಂದೆ. ನೀಲಾ ಹಾಳೆಯ ಮೇಲೆ ಬಗ್ಗಿ ಇಬ್ಬರು ತಾಯಂದಿರ ಮುಖವನ್ನೂ ಒಂದೊಂದಾಗಿ ನೋಡತೊಡಗಿದಳು. ಆ ಹೊತ್ತಿನಲ್ಲಿ ನಾನು ಎಷ್ಟು ದೇವರಿಗೆ ಏನೇನು ಹರಕೆ ಹೊತ್ತೆನೋ, ಈಗ ತೀರಿಸಲು ಪಟ್ಟಿ ಸಿಗುತ್ತಿಲ್ಲ.

ಕಡೆಗೆ ತಲೆ ಎತ್ತಿ, ನೀ ಇಬ್ಬರಿಗೂ ಕುಂಕುಮ ಹಚ್ಚಿಲ್ಲ ಎಂದಳು. ಬಣ್ಣದ ಕಡ್ಡಿ ತಂದು, ನಾಲಿಗೆ ಹೊರಗೆ ಚಾಚಿ, ಇಬ್ಬರ ಹಣೆಗೂ ದೊಡ್ಡ ದೊಡ್ಡ ಬೊಟ್ಟು ಇಟ್ಟಳು. ಆಮೇಲೆ ಆಕೆಗೆ ಉಳಿದದ್ದು ಒಂದೇ ಪ್ರಶ್ನೆ, ಆ ಅಂಗಿ ಎಲ್ಲಿ ಎಂಬುದು. ಕಸ್ತೂರಿ ಟ್ರಂಕು ತೆಗೆದು ತಂದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು, ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಹಿಟ್ಟು ಮಾಡಿಕೊಂಡಿದ್ದಳು. ನೀಲಾ ಆಕೆಯ ಕೊರಳಿಗೆ ಒಮ್ಮೆ ಬಿಗಿಯಾಗಿ ಜೋತುಬಿದ್ದು, ಇಳಿದು, ಕಲೆಯ ಮೇಲೆ ಬೆರಳಿಟ್ಟು, ಇದು ನಂದು ಎಂದಳು. ಅವ್ವ ಬತ್ತಿಯ ಬುಟ್ಟಿಯನ್ನು ಬದಿಗೆ ಸರಿಸಿ, ಈರಾ, ಈಗ ನಾ ಮಾತಾಡಬಹುದೋ ಎಂದು ಕೇಳಿದಳು. ಕೇಳಿದ್ದು ಶಾಸ್ತ್ರಕ್ಕೆ. ನನ್ನ ಉತ್ತರಕ್ಕೆ ಕಾಯದೆ ಅದೇ ಕಥೆಯನ್ನು ಎರಡು ತಾಸು ಹೇಳಿದಳು. ಆ ಕಥೆಯಲ್ಲಿ ಬಸ್ಸಿನ ಡ್ರೈವರನ ಮೀಸೆ ಕೂಡ ಇತ್ತು. ಅವ್ವ ಆ ಬಸ್ಸಿನಲ್ಲಿ ಬಂದೇ ಇರಲಿಲ್ಲ.

ಶನಿವಾರ ನೀಲಾ ಫೋಟೋ ಒಯ್ಯಲಿಲ್ಲ. ನನ್ನ ಪುಸ್ತಕದಿಂದ ಬಿಚ್ಚಿದ ಉಡಿಯ ಚಿತ್ರವನ್ನೂ ಹಾಲಿನ ಕಲೆಯ ಅಂಗಿಯನ್ನೂ ಒಯ್ದಳು. ಉಳಿದವರೆಲ್ಲ ಆಸ್ಪತ್ರೆಯಲ್ಲಿ ಹುಟ್ಟಿದ್ದಾರೆ, ನಾನೊಬ್ಬಳೇ ಬಸ್ಸಿನಲ್ಲಿ ಬಂದವಳು ಎಂದು ಹೇಳಿ ಆ ಅಂಗಿಯ ಮಡಿಕೆ ಬಿಚ್ಚಿ ತೋರಿಸಿದಳಂತೆ. ಆಕೆಯ ಟೀಚರು ಚಿತ್ರವನ್ನು ಗೋಡೆಗೆ ಹಚ್ಚಿ ಮೊಬೈಲಿನಲ್ಲಿ ಕಳಿಸಿದರು, ಕೆಳಗೆ ಎರಡು ಕೈಮುಗಿದ ಚಿತ್ರ. ಸಂಜೆ ನೀಲಾಳ ಜೊತೆ ಓದುವ ಎದುರು ಮನೆಯ ವಿದ್ಯಾಳ ತಾಯಿ ಜಗಳಕ್ಕೇ ಬಂದಳು. ನನಗೆ ಯಾಕೆ ಒಬ್ಬಳೇ ಅವ್ವ, ಇನ್ನೊಬ್ಬಳು ಎಲ್ಲಿ ಎಂದು ಆಕೆಯ ಮಗಳು ಮಧ್ಯಾಹ್ನದಿಂದ ಊಟ ಬಿಟ್ಟು ಕೂತಿದ್ದಾಳಂತೆ. ಏನ್ ಹಚ್ಚೀರಿ ಮಾಸ್ತರ ಎಂದು ನನ್ನನ್ನು ಬೈದು, ಹೋಗುವಾಗ ನೀಲಾಳ ಗಲ್ಲ ಹಿಂಡಿ, ಎರಡು ಚಕ್ಕುಲಿ ಕೊಟ್ಟು ಹೋದಳು.

ಸೋಮವಾರ ಚಿತ್ರ ಮನೆಗೆ ವಾಪಸು ಬಂತು. ನೀಲಾ ಅದನ್ನು ನನ್ನ ಮುಂದೆ ಹಿಡಿದು, ಇಬ್ಬರು ಅಪ್ಪಂದಿರಲ್ಲಿ ನೀನು ಯಾರು ಎಂದು ಕೇಳಿದಳು. ಇದಕ್ಕೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಎಡಗಡೆಯವನು ನಾನು, ಇನ್ನೊಬ್ಬ ನಮಗೆ ಗೊತ್ತಿಲ್ಲದ ಅಪ್ಪ ಎಂದೆ. ಇಬ್ಬರನ್ನೂ ಬಹಳ ಹೊತ್ತು ಹೋಲಿಸಿ ನೋಡಿದಳು. ನನಗೆ ಬರೆಯಲು ಬರುವುದು ನವಿಲಿನ ಕಣ್ಣೊಂದೇ, ಯಾರಿಗೆ ಬರೆದರೂ ದುಂಡಗೆ ಬೆಚ್ಚಿದ ಹಾಗೆ ಇರುತ್ತದೆ. ಇಬ್ರೂ ಅಂಜಿದಂಗ ಕಾಣ್ತಾರ, ಆಂವಾನೂ ಅಂಜಿದ್ನೇನು ಎಂದಳು. ಅಂಜಿರಬೇಕವ್ವ ಎಂದೆ. ಅದಕ್ಕಿಂತ ನಿಜವಾದ ಮಾತನ್ನು ನಾನು ಆ ಎಂಟು ದಿನದಲ್ಲಿ ಹೇಳಿರಲಿಲ್ಲ.

ಆಮೇಲೆ ಆಕೆ ಹೋಗಿ ಮೂರನೇ ಪುಸ್ತಕ ತಂದು ತೊಡೆಯ ಮೇಲೆ ಕೂತಳು. ಒಳಗೆ ರೊಟ್ಟಿಯ ಸದ್ದು ನಡೆದಿತ್ತು. ಬೆಕ್ಕಿನ ದನಿಯಲ್ಲಿ, ಜೋಕಾಲಿಯ ದನಿಯಲ್ಲಿ ಎಂಟು ಹಾಳೆ ಓದಿದೆ. ದಪ್ಪ ಹಾಳೆ ಬಂತು. ಈಗೇನು ಅಂಜಿಕೆ, ಬಿಡಿಸಿಯೇ ಓದೋಣ ಎಂದು ಉಗುರು ಹಾಕಿದೆ. ನಮ್ಮೂರ ಗಂಜಿ, ಜಪ್ಪೆಂದರೂ ಬಿಡಲಿಲ್ಲ. ನಾಳೆ ನೀರಿನಲ್ಲಿ ನೆನೆಸಿ ಬಿಡಿಸುತ್ತೇನೆ ಎಂದೆ. ನೀಲಾ ನನ್ನ ಕೈಯನ್ನು ಹಾಳೆಯಿಂದ ತೆಗೆದಿಟ್ಟಳು.

"ಇದು ನಿನಗ ಓದಾಕ ಬರಂಗಿಲ್ಲ ಅಪ್ಪಾ. ನಾ ಓದ್ತೀನಿ, ಕೇಳು."

ಅಂಟಿಕೊಂಡ ಹಾಳೆಯ ಮೇಲೆ ಬೆರಳಾಡಿಸುತ್ತ ಓದಿದಳು. ಎರಡು ಮನಿ ಇದ್ದೂ. ಎರಡು ಬಸ್ಸು ಇದ್ದೂ. ಇಬ್ರು ಅವ್ವಾರಿದ್ರು, ಒಬ್ಬಾಕಿ ಹೊಟ್ಟ್ಯಾಗ ಇಟ್ಕೊಂಡ್ಲು, ಒಬ್ಬಾಕಿ ಉಡ್ಯಾಗ ಹಾಕ್ಕೊಂಡ್ಲು. ನೀಲಾ ಒಬ್ಬಾಕೇ ನಡುವ ಕುಂತಿದ್ಲು. ಆತು, ಇನ್ನ ಹತ್ತನೇದು ನೀ ಓದು ಎಂದಳು.

ಹತ್ತನೇ ಹಾಳೆ ನನಗೆ ಬಾಯಿಪಾಠವಿತ್ತು. ಆದರೂ ಅಕ್ಷರ ಕಾಣದೆ ಎರಡು ಸಲ ತಪ್ಪಿದೆ. ಒಳಗೆ ರೊಟ್ಟಿಯ ಸದ್ದು ನಿಂತಿತು. ಕಸ್ತೂರಿ ಅಡಿಗೆ ಮನೆಯ ಬಾಗಿಲಿಗೆ ಬಂದು ನನ್ನ ಮುಖ ನೋಡಿ, ಏನ್ರೀ, ಕಣ್ಣಾಗ ಗಂಜಿ ಹೋತೇನು ಎಂದು ಕೇಳಿದಳು. ಹೌದು ಎಂದೆ. ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ, ಆವತ್ತು ಅದೊಂದು ಬಂತು.